ಹೆರಿಗೆ ಹೊತ್ತಿನಲ್ಲಿ ಕೂಸಿಗೆ ಆಮ್ಲಜನಕ ಕಡಿಮೆಯಾಗುವುದು ಎಲ್ಲಿ, ಯಾವಾಗ, ಯಾಕೆ

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಸೂಲಗಿತ್ತಿಯ ಕೈಯಲ್ಲಿ ಮನೆಯೊಳಗೇ ಹೆರಿಗೆ ಆಗುವ ಕಾಲ ಹೆಚ್ಚುಕಡಿಮೆ ಮುಗಿದಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಆದರೂ ನವಜಾತ ಶಿಶುಗಳ ಸಾವಿಗೆ ಇರುವ ಮೂರು ದೊಡ್ಡ ಕಾರಣಗಳಲ್ಲಿ, ಅವಧಿಗೆ ಮುಂಚೆ ಹುಟ್ಟುವುದು ಮತ್ತು ಸೋಂಕಿನ ಜೊತೆಗೆ, ಹೆರಿಗೆ ಹೊತ್ತಿನ ಆಮ್ಲಜನಕ ಕೊರತೆ ಇಂದಿಗೂ ಇದೆ. ಮನೆಯಿಂದ ಆಸ್ಪತ್ರೆಗೆ ಬಂದದ್ದರಿಂದ ತಾಯಂದಿರ ಜೀವ ಉಳಿದಷ್ಟು ಸಲೀಸಾಗಿ ಕೂಸಿನ ಮಿದುಳು ಉಳಿದಿಲ್ಲ.

ಯಾರಿಗೆ ಅಪಾಯ ಇದೆ ಎಂದು ಮೊದಲೇ ಗುರುತಿಸುವ ಕೆಲಸ ನಡೆದೇ ಇದೆ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ 2016ರಿಂದ ಪ್ರತಿ ತಿಂಗಳ 9ನೇ ತಾರೀಖು ಬಸುರಿಯರ ತಪಾಸಣೆ ಮಾಡಿ, ತೊಂದರೆ ಇದ್ದವರ ಕಾರ್ಡಿಗೆ ಕೆಂಪು ಸ್ಟಿಕ್ಕರ್, ಇಲ್ಲದವರಿಗೆ ಹಸಿರು ಸ್ಟಿಕ್ಕರ್ ಅಂಟಿಸುತ್ತಾರೆ. ಅಡಚಣೆ ಇರುವುದು ಆಮೇಲೆ. ಹಸಿರು ಸ್ಟಿಕ್ಕರಿನ ತಾಯಿಗೂ ಬ್ಯಾನಿ (ಹೆರಿಗೆ ನೋವು) ಶುರುವಾದ ಎರಡು ತಾಸಿನಲ್ಲಿ ಲೆಕ್ಕ ಪೂರ್ತಿ ಬದಲಾಗಬಹುದು. ಹುಟ್ಟಿದಾಗ ಉಸಿರಿಗೆ ನೆರವು ಬೇಕಾಗುವ ಎಷ್ಟೋ ಕೂಸುಗಳ ತಾಯಂದಿರ ಕಾರ್ಡಿನಲ್ಲಿ ಒಂದೂ ಅಪಾಯದ ಗುರುತು ಇರುವುದಿಲ್ಲ. ಆದ್ದರಿಂದ ತಾಯಿಯ ಮೈ ಹೇಗಿದೆ ಎಂಬುದರ ಜೊತೆಗೆ ಆಪರೇಷನ್ ಥಿಯೇಟರ್ ಎಷ್ಟು ದೂರ, ಎದೆಬಡಿತ ಕೇಳುವವರು ಯಾರು, ಬ್ಯಾನಿ ಬರಲೆಂದು ಕೊಟ್ಟ ಔಷಧ ಯಾವುದು ಎಂಬುದನ್ನೂ ಸೇರಿಸಿಯೇ ಅಪಾಯವನ್ನು ಅಳೆಯಬೇಕು. ಇಲ್ಲಿ ತಪ್ಪಿಸಬಹುದಾದ ಹಾನಿಯ ದೊಡ್ಡ ಪಾಲು ಈ ಎರಡನೆಯ ಭಾಗದಲ್ಲಿದೆ ಎಂಬುದು ಈ ಬರಹದ ವಾದ.

ಒಳಗೆ ಆಗುವುದೇನು

ಗರ್ಭದಲ್ಲಿರುವ ಕೂಸಿಗೆ ಆಮ್ಲಜನಕ ಸಿಗುವುದು ತಾಯಿಯ ರಕ್ತದಿಂದ, ಮಾಸಿನ (ಪ್ಲಾಸೆಂಟಾ) ಮೂಲಕ, ಹೊಕ್ಕಳಬಳ್ಳಿಯ ದಾರಿಯಲ್ಲಿ. ಪ್ರತಿ ಬ್ಯಾನಿಗೂ ಗರ್ಭಕೋಶದ ಸ್ನಾಯು ಬಿಗಿದು, ಮಾಸಿಗೆ ಹೋಗುವ ರಕ್ತ ಸ್ವಲ್ಪ ಹೊತ್ತು ಕಡಿಮೆಯಾಗುತ್ತದೆ. ಬಾವಿಯಲ್ಲಿ ಮುಳುಗು ಹಾಕುವವನು ಮೇಲೆ ಬಂದು ಉಸಿರು ತುಂಬಿಕೊಂಡು ಮತ್ತೆ ಮುಳುಗುವ ಹಾಗೆ, ಕೂಸು ಒಂದು ಬ್ಯಾನಿಯಿಂದ ಇನ್ನೊಂದರ ನಡುವಿನ ಬಿಡುವಿನಲ್ಲಿ ಸುಧಾರಿಸಿಕೊಳ್ಳುತ್ತದೆ. ಹತ್ತು ನಿಮಿಷಕ್ಕೆ ಮೂರರಿಂದ ಐದು ಬ್ಯಾನಿ, ಒಂದೊಂದು 40ರಿಂದ 60 ಸೆಕೆಂಡು, ನಡುವೆ ಗರ್ಭಕೋಶ ಪೂರ್ತಿ ಮೆತ್ತಗಾಗುವಷ್ಟು ಬಿಡುವು ಇದ್ದರೆ ಆರೋಗ್ಯವಂತ ಕೂಸು ಹಲವು ತಾಸು ತಡೆದುಕೊಳ್ಳುತ್ತದೆ.

ಬಿಡುವು ಕಿರಿದಾದರೆ ಅಥವಾ ಮಾಸು ಮೊದಲೇ ದುರ್ಬಲವಾಗಿದ್ದರೆ ಆಮ್ಲಜನಕದ ಬಾಕಿ ಏರುತ್ತ ಹೋಗುತ್ತದೆ. ಆಗ ಕೂಸಿನ ದೇಹ ಚರ್ಮ, ಕರುಳು, ಮೂತ್ರಪಿಂಡಗಳಿಗೆ ರಕ್ತ ತಗ್ಗಿಸಿ ಮಿದುಳು, ಹೃದಯಗಳಿಗೆ ಕಳಿಸುತ್ತದೆ. ತೀರಾ ನರಳಿದ ಕೂಸು ಹುಟ್ಟಿದ ಮೊದಲ ದಿನ ಮೂತ್ರ ಕಡಿಮೆ ಮಾಡುವುದು ಇದೇ ಕಾರಣಕ್ಕೆ. ಆಮ್ಲಜನಕವಿಲ್ಲದೆ ಸಕ್ಕರೆ ಉರಿಸಿದಾಗ ಲ್ಯಾಕ್ಟಿಕ್ ಆಮ್ಲ ಸೇರಿ ರಕ್ತ ಹುಳಿಯಾಗುತ್ತದೆ. ಹೊಕ್ಕಳಬಳ್ಳಿಯ ರಕ್ತದ ಪಿಎಚ್ 7.0ಕ್ಕಿಂತ ಕೆಳಗಿದ್ದರೆ ಅದು ಗಂಭೀರ ಕೊರತೆಯ ಪುರಾವೆ. ಇದು ಎರಡು ರೀತಿ ನಡೆಯಬಹುದು. ಮಾಸು ಪೂರ್ತಿ ಕಳಚಿದಾಗ, ಬಳ್ಳಿ ಜಾರಿದಾಗ ಕೆಲವೇ ನಿಮಿಷಗಳಲ್ಲಿ ಎಲ್ಲ ನಿಂತುಹೋಗುತ್ತದೆ. ಹೆಚ್ಚಿನ ಸಲ ಆಗುವುದು ಎರಡನೆಯದು: ತಾಸುಗಟ್ಟಲೆ, ಸ್ವಲ್ಪ ಸ್ವಲ್ಪವೇ. ಈ ಎರಡನೆಯದನ್ನು ಕಿವಿಯಿಂದ ಹಿಡಿಯಬಹುದು, ಕೇಳುವವರಿದ್ದರೆ.

ಬ್ಯಾನಿಗೆ ಮುಂಚೆ ತಿಳಿಯುವ ಅಪಾಯಗಳು

ರಕ್ತದೊತ್ತಡ 140/90 ದಾಟಿದ ಬಸುರಿಯಲ್ಲಿ ಮಾಸಿನ ರಕ್ತನಾಳಗಳು ಸಪೂರವಾಗಿರುತ್ತವೆ. ಕೂಸು ಸಣ್ಣದಾಗುತ್ತದೆ, ಮಾಸು ಅವಧಿಗೆ ಮುಂಚೆ ಕಳಚುವ ಸಂಭವವೂ ಹೆಚ್ಚು. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ ಸಾಗಿಸಬೇಕಾದ ಆಮ್ಲಜನಕವೇ ಕಡಿಮೆ. ಅಂಥ ತಾಯಿಗೆ ಹೆರಿಗೆ ಹೊತ್ತಿನಲ್ಲಿ ಅಷ್ಟಿಷ್ಟು ರಕ್ತ ಹೋದರೂ ಇಬ್ಬರಿಗೂ ಪೆಟ್ಟು. ಕಬ್ಬಿಣದ ಗುಳಿಗೆ ಹೊಟ್ಟೆ ಕೆಡಿಸುತ್ತದೆ ಎಂದು ಬಿಟ್ಟವರಿಗೆ ಆರು, ಏಳನೇ ತಿಂಗಳಲ್ಲೇ ರಕ್ತನಾಳದ ಮೂಲಕ ಕಬ್ಬಿಣ ಕೊಡಿಸಬಹುದು. ಒಂಬತ್ತರಲ್ಲಿ ನೆನಪಾದರೆ ರಕ್ತದ ಬಾಟಲಿಯೇ ಗತಿ. ಸಕ್ಕರೆ ಕಾಯಿಲೆ ಇದ್ದರೆ ಕೂಸು ದಪ್ಪ ಬೆಳೆದು, ತಲೆ ಹೊರಬಂದ ಮೇಲೆ ಭುಜ ಸಿಕ್ಕಿಕೊಳ್ಳಬಹುದು. ಅವಳಿ, ಕಾಲು ಅಥವಾ ಪೃಷ್ಠ ಕೆಳಗಿರುವ ಕೂಸು, ಅಡ್ಡ ಬಿದ್ದ ಕೂಸು, ಹಿಂದೆ ಸಿಸೇರಿಯನ್ ಆಗಿರುವುದು, ತಾಯಿಯ ಎತ್ತರ 145 ಸೆಂ.ಮೀ.ಗಿಂತ ಕಡಿಮೆ ಇರುವುದು, 18 ತುಂಬುವ ಮುಂಚಿನ ಬಸುರು, ಇವೆಲ್ಲ ಪಟ್ಟಿಯಲ್ಲಿ ಇದ್ದೇ ಇವೆ. ಎಲೆ-ಅಡಿಕೆಯ ಜೊತೆ ತಂಬಾಕು ಹಾಕಿಕೊಳ್ಳುವ ರೂಢಿ ನಮ್ಮ ಭಾಗದ ಹೆಂಗಸರಲ್ಲಿ ಇನ್ನೂ ಇದೆ. ಸಣ್ಣ ತೂಕದ ಕೂಸಿಗೂ ಹೊಟ್ಟೆಯಲ್ಲೇ ಸಾಯುವ ಕೂಸಿಗೂ ಅದಕ್ಕೂ ನಂಟಿದೆ. ಆದರೆ ತಪಾಸಣೆಯಲ್ಲಿ ‘ಬೀಡಿ-ಸಿಗರೇಟು ಸೇದುತ್ತೀರಾ’ ಎಂದಷ್ಟೇ ಕೇಳಿದರೆ ‘ಇಲ್ರೀ’ ಎಂಬ ಉತ್ತರವೇ ಬರುತ್ತದೆ.

ದಿನ ದಾಟುವುದನ್ನು ಮನೆಯವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. 41 ವಾರ ಮುಗಿದ ಮೇಲೆ ಮಾಸು ಸೊರಗುತ್ತದೆ, ಕೂಸಿನ ಸುತ್ತಲಿನ ನೀರು ಕಡಿಮೆಯಾಗುತ್ತದೆ, ಬಳ್ಳಿ ಒತ್ತಿಹೋಗುವುದು ಸುಲಭವಾಗುತ್ತದೆ. 42 ವಾರದವರೆಗೆ ಕಾಯುವುದರಲ್ಲಿ ಲಾಭವಿಲ್ಲ. ಈ ಲೆಕ್ಕ ಸರಿಯಾಗಿರಬೇಕಾದರೆ ಮೂರು ತಿಂಗಳೊಳಗೆ ಒಂದು ಸ್ಕ್ಯಾನ್ ಆಗಿರಬೇಕು. ಕೊನೆಯ ಮುಟ್ಟಿನ ದಿನ ಮರೆತು, ಎಂಟನೇ ತಿಂಗಳಲ್ಲಿ ಮೊದಲ ಸ್ಕ್ಯಾನ್ ಮಾಡಿಸಿದರೆ ದಿನದ ಅಂದಾಜು ಎರಡು-ಮೂರು ವಾರ ಹೆಚ್ಚುಕಡಿಮೆ ಆಗಬಹುದು.

ಕೂಸಿನ ಹೊರಳಾಟ ಕಡಿಮೆಯಾದರೆ ಅದು ತಾಯಿಗೆ ಮಾತ್ರ ಗೊತ್ತಾಗುವ ಸೂಚನೆ. ಊಟ ಮಾಡಿ ಎಡಮಗ್ಗುಲಲ್ಲಿ ಮಲಗಿ ಎಣಿಸಿದಾಗ ಎರಡು ತಾಸಿನಲ್ಲಿ ಹತ್ತು ಸಲವೂ ಆಡದಿದ್ದರೆ, ಅಥವಾ ದಿನದ ರೂಢಿಗಿಂತ ಎದ್ದು ಕಾಣುವಷ್ಟು ಕಡಿಮೆ ಅನ್ನಿಸಿದರೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ‘ದಿನ ತುಂಬಿದ ಮೇಲೆ ಕೂಸು ಸುಮ್ಮನಾಗುತ್ತದೆ’ ಎಂಬ ಮಾತು ಎಷ್ಟೋ ಮನೆಗಳಲ್ಲಿದೆ, ಅದು ಸುಳ್ಳು. ಜಾಗ ಕಡಿಮೆಯಾದಾಗ ಒದೆತದ ಬಗೆ ಬದಲಾಗಬಹುದು, ಆಟ ನಿಲ್ಲುವುದಿಲ್ಲ.

ಇನ್ನು ತವರಿನ ವಿಷಯ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ಇಲ್ಲಿ ಬಹುತೇಕ ಎಲ್ಲ ಜಾತಿ-ಮತಗಳ ರೂಢಿ. ಶಿಗ್ಗಾಂವಿಯಲ್ಲಿ ಏಳು ತಿಂಗಳು ತಪಾಸಣೆ ಮಾಡಿಸಿಕೊಂಡವಳು ಸೀಮಂತ ಮುಗಿಸಿ ರೋಣಕ್ಕೆ ಹೋಗುತ್ತಾಳೆ. ಗಂಡನ ಊರಿನ ಆಶಾ ಕಾರ್ಯಕರ್ತೆಯ ವಹಿಯಿಂದ ಹೆಸರು ಹೋಗಿರುತ್ತದೆ, ತವರಿನ ಆಶಾಳ ವಹಿಯಲ್ಲಿ ಇನ್ನೂ ಬಂದಿರುವುದಿಲ್ಲ. ರಕ್ತದೊತ್ತಡ ಏರುವುದು, ಕೂಸಿನ ಬೆಳವಣಿಗೆ ನಿಲ್ಲುವುದು ಹೆಚ್ಚಾಗಿ ಈ ಕೊನೆಯ ಎಂಟು ವಾರಗಳಲ್ಲೇ. ತವರಿಗೆ ಹೋದ ಮೊದಲ ವಾರದಲ್ಲೇ ತಾಯಿ ಕಾರ್ಡ್, ಹಳೆಯ ಸ್ಕ್ಯಾನ್, ರಕ್ತದ ವರದಿಗಳನ್ನು ಹಿಡಿದುಕೊಂಡು ಅಲ್ಲಿಯ ಕೇಂದ್ರದಲ್ಲಿ ಹೆಸರು ಬರೆಸುವುದು, ಯಾವ ಆಸ್ಪತ್ರೆಯಲ್ಲಿ ಹೆರಿಗೆ ಎಂದು ಅವತ್ತೇ ನಿಶ್ಚಯಿಸುವುದು, ಈ ಎರಡು ಕೆಲಸ ಆಗಬೇಕು.

ಬ್ಯಾನಿ ಶುರುವಾದ ಮೇಲೆ

ಹೆರಿಗೆ ಕೋಣೆಯಲ್ಲಿ ಕೂಸಿನ ಸ್ಥಿತಿ ತಿಳಿಯಲು ಇರುವ ಮುಖ್ಯ ಕಿಟಕಿ ಅದರ ಎದೆಬಡಿತ. ನಿಮಿಷಕ್ಕೆ 110ರಿಂದ 160 ಸಹಜ. ಕೇಳುವುದಕ್ಕೂ ಒಂದು ಕ್ರಮವಿದೆ. ಬ್ಯಾನಿ ಇಳಿಯುತ್ತಿರುವಾಗ ಎದೆಬಡಿತ ಕೇಳಿಸುವ ಸಣ್ಣ ಯಂತ್ರ ಡಾಪ್ಲರ್ ಇಟ್ಟು, ಬ್ಯಾನಿ ಮುಗಿದ ಮೇಲೂ ಪೂರ್ತಿ ಒಂದು ನಿಮಿಷ ಎಣಿಸಬೇಕು. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಬ್ಯಾನಿಯ ನಂತರ ಇಳಿದು ನಿಧಾನಕ್ಕೆ ಏರುವ ಬಡಿತ ತಪ್ಪಿಹೋಗುತ್ತದೆ. ತೊಂದರೆಯ ಸೂಚನೆ ಅಡಗಿರುವುದು ಅಲ್ಲಿಯೇ. ಜೊತೆಗೆ ತಾಯಿಯ ಮಣಿಕಟ್ಟಿನ ನಾಡಿಯನ್ನೂ ಹಿಡಿದಿರಬೇಕು. ಗಾಬರಿಗೊಂಡ ತಾಯಿಯ ನಾಡಿ 120 ಇದ್ದಾಗ ಅದನ್ನೇ ಕೂಸಿನದೆಂದು ಬರೆದುಕೊಂಡು, ಒಳಗೆ ಕೂಸು ಮುಳುಗುತ್ತಿದ್ದರೂ ‘ನಾರ್ಮಲ್’ ಎಂದು ದಾಖಲಾದದ್ದುಂಟು. ಮೊದಲ ಹಂತದಲ್ಲಿ 30 ನಿಮಿಷಕ್ಕೊಮ್ಮೆಯಾದರೂ, ಗರ್ಭಕೋಶದ ಬಾಯಿ ಪೂರ್ತಿ ತೆರೆದು ತಾಯಿ ತಿಣುಕತೊಡಗಿದ ಮೇಲೆ 5 ನಿಮಿಷಕ್ಕೊಮ್ಮೆ ಕೇಳಬೇಕು.

ಈ ಐದು ನಿಮಿಷದ ನಿಯಮ ಕಾಗದದ ಮೇಲೆ ಚಂದ. 24 ತಾಸಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪಾಳಿಗೆ ಒಬ್ಬರೇ ಸಿಸ್ಟರ್ ಇರುವುದು ಸಾಮಾನ್ಯ. ಒಬ್ಬರು ತಿಣುಕುತ್ತಿರುವ ಒಬ್ಬ ತಾಯಿಯನ್ನು ಮಾತ್ರ ಹೀಗೆ ನೋಡಿಕೊಳ್ಳಬಹುದು. ಎರಡನೆಯವಳು ಬಂದರೆ ಇಬ್ಬರಲ್ಲಿ ಒಬ್ಬಳ ಕೂಸಿನ ಬಡಿತ ಕೇಳುವವರಿಲ್ಲ. ಯಂತ್ರ ತಂದು ಹಚ್ಚಿದರೆ ಮುಗಿಯಿತು ಎನ್ನುವವರಿದ್ದಾರೆ. ಹೊಟ್ಟೆಗೆ ಪಟ್ಟಿ ಕಟ್ಟಿ ನಿರಂತರ ಗ್ರಾಫ್ ತೆಗೆಯುವ ಸಿಟಿಜಿ ಯಂತ್ರದಿಂದ ನವಜಾತ ಶಿಶುಗಳ ಫಿಟ್ಸ್ ಕಡಿಮೆಯಾಗಿವೆ, ನಿಜ. ಆದರೆ ಸೆರೆಬ್ರಲ್ ಪಾಲ್ಸಿಯಾಗಲಿ (ಮಿದುಳಿನ ಹಾನಿಯಿಂದ ಕೈಕಾಲಿನ ಹಿಡಿತ ತಪ್ಪುವ ತೊಂದರೆ) ಸಾವಾಗಲಿ ಇಳಿದದ್ದಕ್ಕೆ ಪುರಾವೆ ಸಿಕ್ಕಿಲ್ಲ, ಸಿಸೇರಿಯನ್ ಮಾತ್ರ ಹೆಚ್ಚಿದೆ. ಅಪಾಯ ಇರುವವರಿಗೆ, ಬ್ಯಾನಿ ಬರುವ ಡ್ರಿಪ್ ಹಾಕಿದವರಿಗೆ ಯಂತ್ರ ಬೇಕು. ಉಳಿದವರಿಗೆ ಡಾಪ್ಲರ್ ಹಿಡಿದ ಒಂದು ಕೈ, ಗಡಿಯಾರ ನೋಡುವ ಕಣ್ಣು ಇದ್ದರೆ ಸಾಕು. ಖರ್ಚು ಮಾಡಬೇಕಾದದ್ದು ಆ ಕೈಗಳ ಮೇಲೆ.

ಮನೆಯವರು ಒಳಗೆ ಹೋಗಲು ಬಿಡುವ ಕಡೆ ಗಮನಿಸಬಹುದಾದ ಸಣ್ಣ ಸಂಗತಿ ಒಂದಿದೆ. ತಾಯಿಯನ್ನು ಅಂಗಾತ ಮಲಗಿಸಿಯೇ ಬಿಟ್ಟಿದ್ದರೆ ತುಂಬಿದ ಗರ್ಭಕೋಶ ಬೆನ್ನುಮೂಳೆಯ ಪಕ್ಕದ ದೊಡ್ಡ ರಕ್ತನಾಳವನ್ನು ಒತ್ತಿ, ಮಾಸಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಎಡಕ್ಕೆ ಹೊರಳಿಸಿದರೆ, ಎಬ್ಬಿಸಿ ಅಡ್ಡಾಡಿಸಿದರೆ ಒಳ್ಳೆಯದು. ಹೊಟ್ಟೆಯ ಮೇಲಿನಿಂದ ಮೊಣಕೈ ಹಚ್ಚಿ ಒತ್ತುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭುಜ ಸಿಕ್ಕಿಕೊಂಡಾಗ ಹಾಗೆ ಒತ್ತಿದರೆ ಇನ್ನಷ್ಟು ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ.

ಬ್ಯಾನಿ ಬರುವ ಸೂಜಿ

ತಪ್ಪಿಸಬಹುದಾದ ಅಪಾಯಗಳಲ್ಲಿ ಒಂದನ್ನೇ ಆರಿಸಿ ಎಂದರೆ ಆರಿಸಬೇಕಾದದ್ದು ಲಂಗುಲಗಾಮಿಲ್ಲದೆ ಕೊಡುವ ಆಕ್ಸಿಟೋಸಿನ್. ‘ಸಿಸ್ಟರ್, ಒಂದು ಬ್ಯಾನಿ ಸೂಜಿ ಮಾಡಿಬಿಡ್ರಿ, ಲಗೂನ ಆಗಿಬಿಡಲಿ’ ಎಂದು ಅತ್ತೆಯೋ ಅವ್ವನೋ ಕೇಳುವುದು, ರಾತ್ರಿ ಪಾಳಿ ಮುಗಿಯುವುದರೊಳಗೆ ಹೆರಿಗೆ ಆಗಲಿ ಎಂದು ಒಳಗಿನವರಿಗೂ ಅನ್ನಿಸುವುದು, ಎರಡೂ ಸೇರಿದಾಗ ಸ್ನಾಯುವಿಗೆ ಚುಚ್ಚಿಬಿಡುತ್ತಾರೆ.

ಆಕ್ಸಿಟೋಸಿನ್ ಕೆಟ್ಟ ಔಷಧವಲ್ಲ. ಕೂಸು ಹುಟ್ಟಿದ ಮೇಲೆ ತಾಯಿಯ ತೊಡೆಗೆ ಕೊಡುವ 10 ಯೂನಿಟ್ ಸೂಜಿ ರಕ್ತಸ್ರಾವ ತಡೆದು ಜೀವ ಉಳಿಸುತ್ತದೆ. ಹುಟ್ಟುವ ಮುಂಚೆ ಕೊಡಬೇಕಾದರೆ ದಾರಿ ಒಂದೇ, ಡ್ರಿಪ್. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯ ರೀತಿಯಲ್ಲಿ 500 ಮಿ.ಲೀ. ಸಲೈನಿಗೆ 2.5 ಯೂನಿಟ್ ಬೆರೆಸಿ ನಿಮಿಷಕ್ಕೆ 10 ಹನಿಯಿಂದ ಶುರು ಮಾಡಿ, 30 ನಿಮಿಷಕ್ಕೊಮ್ಮೆ 10 ಹನಿ ಏರಿಸುತ್ತ, ಹತ್ತು ನಿಮಿಷಕ್ಕೆ ಮೂರು ಒಳ್ಳೆಯ ಬ್ಯಾನಿ ಬಂದ ಕೂಡಲೇ ಏರಿಸುವುದನ್ನು ಅಲ್ಲಿಗೇ ನಿಲ್ಲಿಸಬೇಕು. ರಕ್ತನಾಳದಲ್ಲಿ ಈ ಔಷಧ ಕೆಲವೇ ನಿಮಿಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ಬ್ಯಾನಿ ಮಿತಿಮೀರಿದರೆ ಡ್ರಿಪ್ ಬಂದ್ ಮಾಡಿದರಾಯಿತು, ಸ್ವಲ್ಪ ಹೊತ್ತಿನಲ್ಲಿ ಗರ್ಭಕೋಶ ಸಡಿಲವಾಗುತ್ತದೆ. ಸ್ನಾಯುವಿಗೆ ಚುಚ್ಚಿದ್ದನ್ನು ವಾಪಸ್ ತೆಗೆಯಲು ಬರುವುದಿಲ್ಲ. ಹತ್ತು ನಿಮಿಷಕ್ಕೆ ಐದಕ್ಕಿಂತ ಹೆಚ್ಚು ಬ್ಯಾನಿ ಬಂದು, ಬಿಡುವೇ ಇಲ್ಲದೆ ಕೂಸು ಮುಳುಗುತ್ತಲೇ ಇರುತ್ತದೆ. ಹಿಂದೆ ಸಿಸೇರಿಯನ್ ಆಗಿದ್ದರೆ ಹಳೆಯ ಗಾಯದಲ್ಲಿ ಗರ್ಭಕೋಶ ಸೀಳಬಹುದು.

ಬಾಯಿ ಮೆತ್ತಗಾಗಲೆಂದು ಕೊಡುವ ಮಿಸೊಪ್ರಾಸ್ಟಾಲ್ ಗುಳಿಗೆಯದೂ ಇದೇ ಕಥೆ. ಬ್ಯಾನಿಗೆ ಬೇಕಾದದ್ದು 25 ಮೈಕ್ರೊಗ್ರಾಂ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದು 200ರ ಗುಳಿಗೆ. ಅದನ್ನು ಬ್ಲೇಡಿನಿಂದ ಎಂಟು ತುಂಡು ಮಾಡಲು ಹೋದರೆ ಒಂದರಲ್ಲಿ ಹದಿನೈದು, ಇನ್ನೊಂದರಲ್ಲಿ ನಲವತ್ತು ಬಂದೀತು. ಹಿಂದೆ ಸಿಸೇರಿಯನ್ ಆದವರಿಗೆ ಇದನ್ನು ಕೊಡುವಂತೆಯೇ ಇಲ್ಲ. ಗುಳಿಗೆ ಕೊಟ್ಟ ಮೇಲೆ ಆಕ್ಸಿಟೋಸಿನ್ ಹಚ್ಚಬೇಕಾದರೆ ಹಲವು ತಾಸುಗಳ ಅಂತರ ಬೇಕು. ಒಂದು ಆಸ್ಪತ್ರೆಯಲ್ಲಿ ಗುಳಿಗೆ ಇಟ್ಟು, ಚೀಟಿಯಲ್ಲಿ ಬರೆಯದೆ ಕಳಿಸಿ, ಇನ್ನೊಂದರಲ್ಲಿ ತಿಳಿಯದೆ ಡ್ರಿಪ್ ಹಚ್ಚಿದಾಗ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ.

ಕುಟುಂಬದವರು ಇಲ್ಲಿ ಮಾಡಬಹುದಾದದ್ದು ಎರಡು. ಸೂಜಿ ಕೇಳಬಾರದು. ಕೊಟ್ಟಿದ್ದರೆ ಏನು, ಎಷ್ಟು ಹೊತ್ತಿಗೆ ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು. ಚೊಚ್ಚಲ ಬಸುರಿಯ ಬಾಯಿ 5 ಸೆಂ.ಮೀ. ತೆರೆಯುವವರೆಗೆ ಬ್ಯಾನಿ ನಿಧಾನಕ್ಕೆ ಸಾಗುವುದು ಸಹಜ. ವಿಶ್ವ ಆರೋಗ್ಯ ಸಂಸ್ಥೆ ಈಗ ಸಕ್ರಿಯ ಹಂತವನ್ನು ಎಣಿಸುವುದೇ ಅಲ್ಲಿಂದ. ‘ನಿನ್ನೆಯಿಂದ ಬ್ಯಾನಿ ತಿನ್ನಾಕತ್ತಾಳ’ ಎಂದ ಮಾತ್ರಕ್ಕೆ ಅದು ತಡೆದ ಹೆರಿಗೆ ಎಂದಲ್ಲ.

ದಿಢೀರನೆ ಆಗುವವು

ತಲೆ ಇನ್ನೂ ಮೇಲಿರುವಾಗ ನೀರು ಒಡೆದರೆ ಬಳ್ಳಿ ಕೆಳಗೆ ಜಾರಿ, ತಲೆ ಮತ್ತು ಮೂಳೆಯ ನಡುವೆ ಸಿಕ್ಕಿಬೀಳಬಹುದು. ಮನೆಯಲ್ಲೇ ನೀರು ಹೋಗಿ ಕೆಳಗೆ ಹಗ್ಗದಂಥದ್ದು ಕೈಗೆ ತಾಕಿದರೆ ಅದನ್ನು ಒಳಗೆ ತಳ್ಳಬಾರದು, ಮುಟ್ಟಲೂ ಬಾರದು, ತಣ್ಣಗಾದರೆ ಬಳ್ಳಿಯ ರಕ್ತನಾಳ ಬಿಗಿಯುತ್ತದೆ. ತಾಯಿ ಮೊಣಕಾಲೂರಿ ಎದೆಯನ್ನು ನೆಲಕ್ಕೆ ಹಚ್ಚಿ, ಪೃಷ್ಠ ಮೇಲೆತ್ತಿ ಇರಬೇಕು. ಗಾಡಿಯಲ್ಲಿ ಸೊಂಟದ ಕೆಳಗೆ ದಿಂಬಿಟ್ಟು ಎಡಮಗ್ಗುಲಲ್ಲಿ ಮಲಗಿಸಬೇಕು. ನೇರ ಸಿಸೇರಿಯನ್ ಇರುವ ಕಡೆಗೇ ಹೋಗಬೇಕು, ನಡುವಿನ ಕೇಂದ್ರಗಳಲ್ಲಿ ಇಳಿಯುವಷ್ಟು ಪುರುಸೊತ್ತಿಲ್ಲ. ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ, ನೋವು ಬಿಡದೆ ಹಿಡಿದು, ಕಪ್ಪು ರಕ್ತ ಕಂಡರೆ ಮಾಸು ಕಳಚಿರುವ ಸಂಶಯ. ರಕ್ತ ಒಳಗೇ ಹೆಪ್ಪುಗಟ್ಟಬಹುದು, ಆದ್ದರಿಂದ ಹೊರಗೆ ಸ್ವಲ್ಪವೇ ಕಂಡಿತೆಂದು ಸಮಾಧಾನ ಪಡುವಂತಿಲ್ಲ.

‘ಕೂಸಿನ ಕೊರಳಿಗೆ ಕರುಳು ಸುತ್ತೈತಿ’ ಎಂದು ಸ್ಕ್ಯಾನಿನಲ್ಲಿ ಬಂದ ಕೂಡಲೇ ಸಿಸೇರಿಯನ್ ಮಾಡಿಸಿಕೊಳ್ಳಲು ಓಡುವವರು ಬಹಳ. ನಾಲ್ಕೈದು ಹೆರಿಗೆಗಳಲ್ಲಿ ಒಂದರಲ್ಲಿ ಹೀಗೆ ಸುತ್ತಿರುತ್ತದೆ, ಬಹುಪಾಲಿಗೆ ಏನೂ ಆಗುವುದಿಲ್ಲ. ಕೂಸು ಗಂಟಲಿನಿಂದ ಉಸಿರಾಡುತ್ತಿಲ್ಲವಲ್ಲ. ಬಳ್ಳಿ ಒತ್ತಿಹೋದರೆ ಮಾತ್ರ ತೊಂದರೆ, ಅದು ಎದೆಬಡಿತದಲ್ಲಿ ತಿಳಿಯುತ್ತದೆ. ಯಾವುದಕ್ಕೆ ಹೆದರಬೇಕೋ ಅದಕ್ಕೆ ಹೆದರದೆ ಇದಕ್ಕೆ ಹೆದರುವುದೇ ಹೆಚ್ಚು.

ನೀರು ಹಸಿರಾಗಿ ಹೋದರೆ ಕೂಸು ಒಳಗೇ ಹೊಲಸು ಮಾಡಿಕೊಂಡಿದೆ ಎಂದರ್ಥ. ದಿನ ತುಂಬಿದ ಕೂಸಿನಲ್ಲಿ ಇದು ಸಹಜವಾಗಿಯೂ ಆಗುತ್ತದೆ. ತೆಳು ಹಸಿರಿದ್ದು ಎದೆಬಡಿತ ಚೆನ್ನಾಗಿದ್ದರೆ ಕಣ್ಣಿಟ್ಟು ಕಾಯಬಹುದು, ಗಟ್ಟಿ ಹಸಿರಿನ ಜೊತೆ ಬಡಿತವೂ ಏರುಪೇರಾದರೆ ಕಾಯುವಂತಿಲ್ಲ. ನೀರು ಒಡೆದು 18 ತಾಸು ದಾಟಿದರೆ ಸೋಂಕಿನ ಭಯ. ಸೋಂಕು, ಜ್ವರ ಇದ್ದಾಗ ಅಷ್ಟೇ ಕೊರತೆಗೆ ಮಿದುಳು ಹೆಚ್ಚು ಹಾಳಾಗುತ್ತದೆ.

ದೂರವೂ ಒಂದು ಅಪಾಯವೇ

ತುರ್ತು ಸಿಸೇರಿಯನ್ ಬೇಕೆಂದು ನಿರ್ಧರಿಸಿದ 30 ನಿಮಿಷದೊಳಗೆ ಕೂಸು ಹೊರಬರಬೇಕು ಎಂಬುದು ದೊಡ್ಡ ಆಸ್ಪತ್ರೆಗಳ ಅಳತೆಗೋಲು. ಮುಂಡರಗಿಯಿಂದ ಗದಗ ಸುಮಾರು 40 ಕಿ.ಮೀ., ಗದಗಿನಿಂದ ಹುಬ್ಬಳ್ಳಿ ಸುಮಾರು 60, ಹಾವೇರಿಯಿಂದ ಹುಬ್ಬಳ್ಳಿ ಸುಮಾರು 75. ರಾಣೆಬೆನ್ನೂರಿನವರು ದಾವಣಗೆರೆಯ ಕಡೆ ಹೊರಳುತ್ತಾರೆ. 108ಕ್ಕೆ ಫೋನ್ ಮಾಡಿ, ಗಾಡಿ ಬಂದು, ಹತ್ತಿಸಿ, ಮುಟ್ಟಿಸಿ, ಅಲ್ಲಿ ಮತ್ತೆ ಪರೀಕ್ಷೆಯಾಗಿ ಟೇಬಲ್ ಮೇಲೆ ಹೋಗುವುದರೊಳಗೆ ಎರಡು ತಾಸು ಕಳೆಯುವುದು ಹೆಚ್ಚೇನಲ್ಲ. ನವಲಗುಂದದ ಕಡೆ ಬೆಣ್ಣೆಹಳ್ಳ ತುಂಬಿ ಯಮನೂರ ಹತ್ತಿರ ರಸ್ತೆ ಬಂದಾದರೆ ಸುತ್ತು ಹಾಕಬೇಕು. ಎರೆ ಹೊಲದ ನಡುವಿನ ತೋಟದ ಮನೆಗಳಿಗೆ ಮಳೆಗಾಲದಲ್ಲಿ ಗಾಡಿಯೇ ಇಳಿಯುವುದಿಲ್ಲ.

ಇದರಿಂದ ಹೊರಡುವ ತೀರ್ಮಾನ ಸರಳ, ಪಾಲಿಸುವುದು ಕಷ್ಟ. ಥಿಯೇಟರ್ ಇಲ್ಲದ ಕೇಂದ್ರದಲ್ಲಿ ‘ಇನ್ನೊಂದು ತಾಸು ನೋಡೋಣ’ ಎನ್ನುವಾಗ ನಿಜಕ್ಕೂ ನೋಡುತ್ತಿರುವುದು ಮೂರು ತಾಸು. ದೊಡ್ಡ ಆಸ್ಪತ್ರೆಯಲ್ಲಿ ಚೊಚ್ಚಲದವಳಿಗೆ ತಿಣುಕಲು ಮೂರು ತಾಸಿನವರೆಗೆ ಬಿಡಬಹುದು, ಇಲ್ಲಿ ಅರ್ಧದಲ್ಲೇ ಗಾಡಿ ಕರೆಸಬೇಕು. ಕೆಂಪು ಸ್ಟಿಕ್ಕರಿನವರು, ಹಳೆಯ ಸಿಸೇರಿಯನ್ನಿನವರು ಬ್ಯಾನಿ ಶುರುವಾಗುವವರೆಗೆ ಹಳ್ಳಿಯಲ್ಲಿ ಕಾಯದೆ, ದಿನ ಹತ್ತಿರವಾದಾಗ ತಾಲೂಕು ಅಥವಾ ಜಿಲ್ಲಾ ಊರಿನಲ್ಲಿ ಬಂಧುಗಳ ಮನೆಗೆ ಬಂದು ಉಳಿಯುವುದು ಲೇಸು. ಹುಟ್ಟಿ ನರಳಿದ ಕೂಸನ್ನು ಸಾಗಿಸುವುದಕ್ಕಿಂತ ಹೊಟ್ಟೆಯೊಳಗಿರುವಾಗಲೇ ಸಾಗಿಸುವುದು ಎಷ್ಟೋ ಪಾಲು ಸುರಕ್ಷಿತ.

ಕಳಿಸುವಾಗ ಚೀಟಿಯಲ್ಲಿ ‘ಹೆಚ್ಚಿನ ಚಿಕಿತ್ಸೆಗಾಗಿ’ ಎಂದಷ್ಟೇ ಬರೆದರೆ ಏನೂ ಬರೆದಂತಲ್ಲ. ನೀರು ಒಡೆದ ಹೊತ್ತು, ಅದರ ಬಣ್ಣ, ಕೊನೆಯ ಒಳಪರೀಕ್ಷೆಯಲ್ಲಿ ಎಷ್ಟು ಸೆಂ.ಮೀ., ಕೊನೆಯ ಎದೆಬಡಿತ ಮತ್ತು ಅದನ್ನು ಕೇಳಿದ ಹೊತ್ತು, ಕೊಟ್ಟ ಔಷಧ, ರಕ್ತದೊತ್ತಡ, ಹಿಮೋಗ್ಲೋಬಿನ್, ರಕ್ತದ ಗುಂಪು ಇಷ್ಟೂ ಇರಬೇಕು. ಡ್ರಿಪ್ ತೆಗೆದು, ಎಡಮಗ್ಗುಲಲ್ಲಿ ಮಲಗಿಸಿ, ಮುಂದಿನ ಆಸ್ಪತ್ರೆಗೆ ಫೋನ್ ಮಾಡಿಯೇ ಗಾಡಿ ಬಿಡಬೇಕು.

ಮೊದಲ ಒಂದು ನಿಮಿಷ

ಹುಟ್ಟುವ ಕೂಸುಗಳಲ್ಲಿ ಸುಮಾರು ನೂರಕ್ಕೆ ಹತ್ತಕ್ಕೆ ಉಸಿರು ಹಚ್ಚಲು ಏನಾದರೂ ನೆರವು ಬೇಕಾಗುತ್ತದೆ. ಎದೆ ಒತ್ತುವುದು, ಔಷಧ ಕೊಡುವುದು ಬೇಕಾಗುವುದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಉಳಿದವರಿಗೆಲ್ಲ ಬೇಕಾದದ್ದು ಒಣಗಿಸುವುದು, ಬೆಚ್ಚಗಿಡುವುದು, ಬೆನ್ನು ತಿಕ್ಕುವುದು, ಅದಕ್ಕೂ ಆಗದಿದ್ದರೆ ಚೀಲ ಮತ್ತು ಮಾಸ್ಕಿನಿಂದ ಗಾಳಿ ಊದುವುದು. ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದಡಿ 2009ರಿಂದ ಇದರ ತರಬೇತಿ ನಡೆಯುತ್ತಿದೆ. ತರಬೇತಿ ಪಡೆದವರೂ ಆರು ತಿಂಗಳು ಕೈ ಆಡಿಸದಿದ್ದರೆ ಮರೆಯುತ್ತಾರೆ.

ಎಲ್ಲಿ ತಪ್ಪುತ್ತದೆ ನೋಡಿ. ಕೂಸನ್ನು ಬೆಚ್ಚಗಿಡುವ ವಾರ್ಮರ್ ಹಚ್ಚುವುದು ಕೂಸು ಹುಟ್ಟಿದ ಮೇಲೆ, ಆದ್ದರಿಂದ ಹಾಸಿಗೆ ತಣ್ಣಗೇ ಇರುತ್ತದೆ. ಚೀಲವನ್ನು ಪರೀಕ್ಷಿಸಿರುವುದಿಲ್ಲ. ಮಾಸ್ಕಿನ ಬಾಯಿಯನ್ನು ಅಂಗೈಗೆ ಒತ್ತಿ ಹಿಡಿದು ಚೀಲ ಹಿಂಡಿದರೆ ಅಂಗೈಗೆ ಒತ್ತಡ ತಾಕಬೇಕು, ಇನ್ನೂ ಜೋರಾಗಿ ಹಿಂಡಿದರೆ ಮೇಲಿನ ಕವಾಟ ತೆರೆದು ಗಾಳಿ ಬಿಡಬೇಕು. ಎರಡು ಸೆಕೆಂಡಿನ ಈ ಪರೀಕ್ಷೆಯನ್ನು ಪ್ರತಿ ಪಾಳಿಯಲ್ಲೂ ಮಾಡಬೇಕು. ದಿನ ತುಂಬಿದ ಕೂಸಿಗೆ 1ನೇ ನಂಬರಿನ ಮಾಸ್ಕ್, ಸಣ್ಣದಕ್ಕೆ 0. ಅದು ಗದ್ದದ ತುದಿ, ಬಾಯಿ, ಮೂಗು ಮುಚ್ಚಬೇಕು, ಕಣ್ಣಿನ ಮೇಲೆ ಬರಬಾರದು. ಭುಜದ ಕೆಳಗೆ ಮಡಿಸಿದ ಬಟ್ಟೆ ಇಟ್ಟು ಕುತ್ತಿಗೆಯನ್ನು ತುಸು ಮಾತ್ರ ಹಿಂದಕ್ಕೆ ಚಾಚಬೇಕು. ಹೆಚ್ಚು ಚಾಚಿದರೂ, ಗದ್ದ ಎದೆಗೆ ಬಿದ್ದರೂ ಗಾಳಿಯ ದಾರಿ ಮುಚ್ಚುತ್ತದೆ. ‘ಒತ್ತು, ಎರಡು, ಮೂರು’ ಎಂದು ಎಣಿಸುತ್ತ ನಿಮಿಷಕ್ಕೆ 40ರಿಂದ 60 ಸಲ ಹಿಂಡಬೇಕು. ಎದೆ ಏಳುತ್ತಿಲ್ಲವೆಂದರೆ ಗಾಳಿ ಹೋಗುತ್ತಿಲ್ಲ. ಆಗ ಮಾಸ್ಕ್ ಸರಿಪಡಿಸಿ, ತಲೆ ಸರಿಪಡಿಸಿ, ಬಾಯಿ ನಂತರ ಮೂಗು ಸ್ವಚ್ಛ ಮಾಡಿ, ಬಾಯಿ ತುಸು ತೆರೆದು, ಆಮೇಲೆ ಒತ್ತಡ ಹೆಚ್ಚಿಸಬೇಕು. ದಿನ ತುಂಬಿದ ಕೂಸಿಗೆ ಸಾದಾ ಗಾಳಿಯಿಂದಲೇ ಶುರು ಮಾಡಬಹುದು. ಸಿಲಿಂಡರ್ ಹುಡುಕುತ್ತ ಕಳೆಯುವ ನಿಮಿಷ ದುಬಾರಿ. ಸರಿಯಾಗಿ 30 ಸೆಕೆಂಡು ಊದಿದ ಮೇಲೂ ಎದೆಬಡಿತ 60ಕ್ಕಿಂತ ಕೆಳಗಿದ್ದರೆ ಮಾತ್ರ ಮೂರು ಸಲ ಎದೆ ಒತ್ತಿ ಒಂದು ಸಲ ಗಾಳಿ.

ತಲೆಕೆಳಗೆ ಹಿಡಿದು ಬೆನ್ನಿಗೆ ಬಾರಿಸುವುದು, ತಣ್ಣೀರು ಚಿಮುಕಿಸುವುದು, ಗಂಟಲಿನ ಆಳಕ್ಕೆ ನಳಿಗೆ ಹಾಕಿ ಬಹಳ ಹೊತ್ತು ಎಳೆಯುವುದು ಹಾನಿ ಮಾಡುತ್ತವೆ. ಹಸಿರು ನೀರಿನಲ್ಲಿ ಹುಟ್ಟಿದ ಕೂಸಿಗೂ ಶ್ವಾಸನಾಳಕ್ಕೆ ನಳಿಗೆ ಇಳಿಸಿ ಎಳೆಯುವುದನ್ನು ರೂಢಿಯಾಗಿ ಮಾಡುವುದು ಈಗ ಬಿಟ್ಟಿದೆ, ಗಾಳಿ ಕೊಡುವುದು ತಡವಾಗಬಾರದೆಂದು. ಇನ್ನೊಂದು ಕಡೆ, ಮೊದಲ ನಿಮಿಷ ಕೂಸು ನೀಲಿ ಕಂಡಿತೆಂದು ಗಾಬರಿಯಾಗಬೇಕಿಲ್ಲ. ಆರೋಗ್ಯವಂತ ಕೂಸಿನ ಆಮ್ಲಜನಕದ ಮಟ್ಟವೂ ಮೊದಲ ನಿಮಿಷಕ್ಕೆ ನೂರಕ್ಕೆ 60-65, ಐದನೇ ನಿಮಿಷಕ್ಕೆ 80-85 ಇರುತ್ತದೆ.

ಆಮೇಲೆ

ಉಸಿರು ಹತ್ತಿದ ಮೇಲೂ ಹಾನಿ ನಿಲ್ಲುವುದಿಲ್ಲ. ಮೊದಲ ಪೆಟ್ಟಿನ ನಂತರ ಕೆಲವು ತಾಸು ಸಮಾಧಾನ, ಆಮೇಲೆ ಎರಡನೇ ಅಲೆಯಲ್ಲಿ ಮಿದುಳಿನ ಜೀವಕೋಶಗಳು ಸಾಯತೊಡಗುತ್ತವೆ. ಮೊದಲ ದಿನ ಕೂಸು ಮಂಪರಾಗಿದ್ದರೆ, ಮೈ ಸಡಿಲ ಬಿಟ್ಟರೆ, ಮೊಲೆ ಚೀಪದಿದ್ದರೆ ಮಿದುಳಿಗೆ ಪೆಟ್ಟಾಗಿರಬಹುದು. ತುಟಿ ಚಪ್ಪರಿಸುತ್ತ, ಸೈಕಲ್ ತುಳಿದಂತೆ ಕಾಲಾಡಿಸುತ್ತ, ಒಂದೇ ಕಡೆ ದಿಟ್ಟಿಸುತ್ತಿದ್ದರೆ ಅದು ಫಿಟ್ಸ್ ಇರಬಹುದು. ನವಜಾತ ಶಿಶುವಿಗೆ ಕೈಕಾಲು ಅದುರಲೇಬೇಕೆಂದಿಲ್ಲ. ಸಕ್ಕರೆ ಮಟ್ಟವನ್ನು ತಕ್ಷಣ ನೋಡಬೇಕು.

ಮೈಯನ್ನು 33-34 ಡಿಗ್ರಿಗೆ ಇಳಿಸಿ 72 ತಾಸು ಇಡುವ ತಂಪು ಚಿಕಿತ್ಸೆ ಶ್ರೀಮಂತ ದೇಶಗಳಲ್ಲಿ ರೂಢಿಯಲ್ಲಿದೆ, ಹುಟ್ಟಿದ 6 ತಾಸಿನೊಳಗೆ ಶುರುವಾಗಬೇಕು. ಆದರೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ 408 ಕೂಸುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಹೀಲಿಕ್ಸ್ ಅಧ್ಯಯನದಲ್ಲಿ ಈ ಚಿಕಿತ್ಸೆಯಿಂದ ಲಾಭ ಕಾಣಲಿಲ್ಲ, ಸಾವು ಹೆಚ್ಚಿತು. ನಮ್ಮ ಕಡೆಯ ಕೂಸುಗಳಲ್ಲಿ ಹಾನಿ ಹುಟ್ಟುವುದಕ್ಕೆ ಎಷ್ಟೋ ತಾಸು ಮುಂಚೆಯೇ, ಬಿಟ್ಟು ಬಿಟ್ಟು ಆಗಿರುತ್ತದೆ ಎಂಬುದು ಸಂಶೋಧಕರು ಮುಂದಿಟ್ಟ ಕಾರಣಗಳಲ್ಲಿ ಒಂದು. ಅದು ನಿಜವಾದರೆ ಹುಬ್ಬಳ್ಳಿಯ ದೊಡ್ಡ ಘಟಕದಲ್ಲಿ ಎಂಥ ಯಂತ್ರ ತಂದಿಟ್ಟರೂ, ಹಿಂದಿನ ರಾತ್ರಿ ತಾಲೂಕಿನಲ್ಲಿ ಕೇಳದೇ ಹೋದ ಎದೆಬಡಿತಕ್ಕೆ ಅದು ಬದಲಿಯಾಗದು. ಸದ್ಯಕ್ಕೆ ಎಲ್ಲ ಕಡೆ ಮಾಡಬಹುದಾದದ್ದು ಮೈ 36.5ರ ಆಸುಪಾಸಿನಲ್ಲಿಟ್ಟು, ಜ್ವರ ಏರಲು ಬಿಡದಿರುವುದು. ಅತಿಯಾಗಿ ಕಾಯಿಸಿದರೂ ಹಾನಿಯೇ.

ಇಲ್ಲೊಂದು ಎಚ್ಚರಿಕೆ ಬೇಕು. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಬಹುಪಾಲಿಗೆ ಕಾರಣ ಹೆರಿಗೆ ಹೊತ್ತಿನ ಉಸಿರಲ್ಲ. ಅವಧಿಗೆ ಮುಂಚೆ ಹುಟ್ಟಿದ್ದು, ತೀವ್ರ ಕಾಮಾಲೆ, ಸೋಂಕು, ವಂಶದ ದೋಷಗಳೂ ಇವೆ. ಸೋದರಮಾವ, ಅತ್ತೆಯ ಮಗ ಎಂಬ ಸಂಬಂಧದೊಳಗಿನ ಮದುವೆ ನಮ್ಮ ಭಾಗದಲ್ಲಿ ಸಾಮಾನ್ಯವಾದ್ದರಿಂದ ಇದಕ್ಕೆ ಹೆಚ್ಚು ಮಹತ್ವ. ಹೆರಿಗೆ ಸಲೀಸಾಗಿ ಆಗಿ, ಕೂಸು ಚೆನ್ನಾಗಿ ಅತ್ತು, ಎರಡು-ಮೂರು ದಿನ ಹಾಲು ಕುಡಿದ ಮೇಲೆ ಮಂಪರು, ಫಿಟ್ಸ್ ಬಂದರೆ, ಅಥವಾ ಎರಡನೇ ಕೂಸಿಗೂ ‘ಉಸಿರು ಕಟ್ಟಿತ್ತು’ ಎಂದೇ ಬರೆದಿದ್ದರೆ, ದೇಹದ ರಾಸಾಯನಿಕ ಕ್ರಿಯೆಯ ಆನುವಂಶಿಕ ದೋಷವಿದೆಯೇ ಎಂದು ರಕ್ತ, ಮೂತ್ರ ಪರೀಕ್ಷೆ ಮಾಡಿಸಲೇಬೇಕು. ಕೆಲವಕ್ಕೆ ಚಿಕಿತ್ಸೆಯಿದೆ, ಮುಂದಿನ ಬಸುರಿನಲ್ಲಿ ಮೊದಲೇ ಪರೀಕ್ಷಿಸಲೂ ಬರುತ್ತದೆ.

ಡಿಸ್ಚಾರ್ಜ್ ಕಾರ್ಡಿನಲ್ಲಿ ಒಂದನೇ ಮತ್ತು ಐದನೇ ನಿಮಿಷದ ಎಪ್ಗಾರ್ ಅಂಕ (ಕೂಸಿನ ಬಣ್ಣ, ಎದೆಬಡಿತ, ಉಸಿರು, ಚಲನೆ ನೋಡಿ ಕೊಡುವ ಅಂಕ), ಎಷ್ಟು ಹೊತ್ತು ಗಾಳಿ ಊದಿದರು, ಫಿಟ್ಸ್ ಬಂತೇ, ಸಕ್ಕರೆ ಎಷ್ಟಿತ್ತು, ತಲೆಯ ಸುತ್ತಳತೆ ಎಷ್ಟು ಎಂಬುದು ಬರೆದಿದೆಯೇ ಎಂದು ನೋಡಿ, ಇಲ್ಲದಿದ್ದರೆ ಬರೆಸಿಕೊಳ್ಳಬೇಕು. ನಾಲ್ಕು ತಿಂಗಳಾದರೂ ಕುತ್ತಿಗೆ ನಿಲ್ಲದಿದ್ದರೆ, ಮೂರು ತಿಂಗಳ ನಂತರವೂ ಮುಷ್ಟಿ ಬಿಡಿಸದಿದ್ದರೆ, ಎಂಟು ತಿಂಗಳಿಗೆ ಕೂರದಿದ್ದರೆ, ವರ್ಷ ತುಂಬುವ ಮುಂಚೆಯೇ ಒಂದೇ ಕೈಯನ್ನು ಬಳಸುತ್ತಿದ್ದರೆ ‘ಅವರಪ್ಪನೂ ತಡವಾಗಿ ನಡೆದಿದ್ದ’ ಎಂದು ಕಾಯದೆ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ (ಡಿಇಐಸಿ) ತೋರಿಸಬೇಕು. ಅಲ್ಲಿ ಫಿಜಿಯೊಥೆರಪಿ, ಕಿವಿ ಮತ್ತು ಕಣ್ಣಿನ ಪರೀಕ್ಷೆಗೆ ದುಡ್ಡಿಲ್ಲ. ಮೊದಲ ವರ್ಷದಲ್ಲೇ ಶುರುವಾದ ವ್ಯಾಯಾಮಕ್ಕೂ ಮೂರನೇ ವರ್ಷ ಶುರುವಾದದ್ದಕ್ಕೂ ಬಹಳ ಫರಕಿದೆ.